ಅತ್ತೆಯ ಲಿಲ್ಲಿಗೆ ನನ್ನ ಕಿಟಕಿ

ನಾನು ದರ್ಜಿ. ಇಡೀ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದೇ ಕಿಟಕಿ, ಅದರ ಮುಂದೆ ನನ್ನ ಹೊಲಿಗೆ ಮಿಷನ್. ಕಾಲು ಮುರಿದುಕೊಂಡ ಅತ್ತೆ ಸುಧಾರಿಸಿಕೊಳ್ಳಲು ನಮ್ಮಲ್ಲಿಗೆ ಬಂದ ದಿನ ಆ ಸಾಮ್ರಾಜ್ಯ ಪತನವಾಯಿತು. ಕೆಡವಿದ್ದು ಅತ್ತೆಯಲ್ಲ (ಪಾಪ, ಪ್ಲಾಸ್ಟರ್ ಕಾಲಲ್ಲಿ ಅವರಿಗೆ ನಡೆಯಲೂ ಆಗುತ್ತಿರಲಿಲ್ಲ), ಅವರ ಮಡಿಲಲ್ಲಿ ಕೂತು ಬಂದ ಹೂವಿನ ಕುಂಡ.

"ಗೆಡ್ಡೆಯಿಂದ ಬರೋ ಲಿಲ್ಲಿ, ಅಳಿಯಂದ್ರೇ. ಬೆಳಕು ಬೇಕು, ಬಿಸಿಲು ಆಗಲ್ಲ. ಕಿಟಕಿಯಿಂದ ಒಂದು ಮೊಳ ಹಿಂದೆ ಇದ್ರೆ ಸಾಕು."

ಒಂದು ಮೊಳ ಹಿಂದೆ ಅಂದರೆ ಸರಿಯಾಗಿ ನಾನು ಕೂರುವ ಜಾಗ. ನನ್ನವಳು ಯೋಚಿಸುವ ನಾಟಕವನ್ನೂ ಆಡಲಿಲ್ಲ.

"ರೀ, ನಿಮ್ಮ ಮಿಷನ್ನು ಮೆಟ್ಟಿಲ ಕೆಳಗೆ ಹಿಡಿಸುತ್ತೆ."

"ಅಲ್ಲಿ ಕತ್ತಲೆ ಕಣೇ. ಸೂಜಿಗೆ ದಾರ ಪೋಣಿಸೋದು ಹೇಗೆ?"

"ಬಲ್ಬ್ ಹಾಕ್ಕೊಳ್ಳಿ."

(ಇಂಗ್ಲಿಷಿನಲ್ಲಿ ಗೆಡ್ಡೆಗೂ ಬಲ್ಬ್ ಅಂತಲೇ ಹೆಸರಂತೆ. ಅದಕ್ಕೆ ಕಿಟಕಿ, ನನಗೆ ಬಲ್ಬು.)

ಮೆಟ್ಟಿಲ ಕೆಳಗೆ ಕೂತು ಗಿರಾಕಿಯೊಬ್ಬರ ಷರ್ಟಿಗೆ ಎರಡೂ ಎಡತೋಳೇ ಹೊಲಿದ ಮೇಲೆ ಒಂದು ಉಪಾಯ ಹೊಳೆಯಿತು. ಗಿಡವನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿದರೆ ಅದು ಕಿಟಕಿ ಮುಂದಿನ ಸ್ಟೂಲಿನ ಮೇಲೆ ನಿಲ್ಲುವುದಿಲ್ಲ, ವರಾಂಡಕ್ಕೆ ಹೋಗಲೇಬೇಕು. ಅತ್ತೆ ಮಲಗಿದ್ದಾಗ ಕಾರ್ಯ ಮುಗಿಸಿ, ಪುಣ್ಯ ಬರಲಿ ಅಂತ ಬಕೆಟ್ಟುಗಟ್ಟಲೆ ನೀರೂ ಸುರಿದೆ.

ಎಲೆಗಳು ಹಳದಿಯಾಗಿ ಜೋತುಬಿದ್ದವು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇದಕ್ಕೆ ಇಕ್ಕಟ್ಟೇ ಇಷ್ಟ. ಬೇರು ಅಲುಗಾಡಿಸಿದ್ರೆ ಮುನಿಸ್ಕೊಳ್ಳುತ್ತೆ," ಎಂದರು. ಆಮೇಲೆ ಮೆಲ್ಲಗೆ, "ನಿಮ್ಮ ಮಾವ ಹೋಗೋ ಮುಂಚೆ ಕೊನೇಲಿ ನೆಟ್ಟಿದ್ದು," ಎಂದು ಗೋಡೆ ಕಡೆ ತಿರುಗಿ ಮಲಗಿದರು. ರಾತ್ರಿ ಊಟ ಬೇಡವೆಂದರು.

ಬೆಳಿಗ್ಗೆಯೇ ಕೊಳೆತ ಬೇರು ಕತ್ತರಿಸಿ, ಮಣ್ಣಿಗೆ ಮರಳು ಬೆರೆಸಿ, ಗೆಡ್ಡೆಯನ್ನು ಹಳೇ ಕುಂಡಕ್ಕೇ ಸೇರಿಸಿ ಕಿಟಕಿಯ ಹತ್ತಿರ ಇಟ್ಟೆ. ಬಿಸಿಲು ತಾಗದಿರಲೆಂದು ತೆಳು ಪರದೆ ಹೊಲಿದೆ. ಮಣ್ಣಿಗೆ ಬೆರಳಿಟ್ಟು ನೋಡಿಯೇ ನೀರು ಹಾಕುತ್ತಿದ್ದೆ, ಒದ್ದೆ ಬಟ್ಟೆಯಲ್ಲಿ ಎಲೆ ಒರೆಸುತ್ತಿದ್ದೆ.

"ನನಗೆ ಜ್ವರ ಬಂದಾಗ ಇಷ್ಟು ಮಾಡಿದ್ರಾ?" ಎಂದಳು ನನ್ನವಳು. ನಾನು ಇನ್ನೊಂದು ಎಲೆ ಒರೆಸಿದೆ.

ಎಲೆ ಚೇತರಿಸಿಕೊಂಡಿತು, ಅತ್ತೆಯೂ. ಪ್ಲಾಸ್ಟರ್ ಬಿಚ್ಚಿಸಿ, ಸಾಮಾನು ಕಟ್ಟಿ ಹೊರಟು ನಿಂತರು. ಬಾಗಿಲಲ್ಲಿ ಗಾಡಿ ಬಂದಿತ್ತು. ಕಿಟಕಿ ಮತ್ತೆ ನನ್ನದಾಗುವ ಘಳಿಗೆ. ಅತ್ತೆ ಕುಂಡ ಎತ್ತಲು ಬಗ್ಗಿದರು. ಎಲೆಗಳ ನಡುವೆ ಹಸಿರು ದಂಟು, ಅದರ ತುದಿಯಲ್ಲಿ ಮೊಗ್ಗು.

"ಮುಟ್ಟಬೇಡಿ ಅತ್ತೆ. ಮೊಗ್ಗು ಬಂದಿದೆ, ಈಗ ಕದಲಿಸಬಾರದು," ಎಂದಿತೊಂದು ದನಿ. ನನ್ನದೇ.

ಅತ್ತೆ ನನ್ನನ್ನೇ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ಕೂತರು. "ಅಳಿಯಂದಿರೇ ಇಷ್ಟು ಹೇಳುವಾಗ ನಾನು ಹೇಗೆ ಹೋಗಲಿ? ಇಲ್ಲೇ ಇದ್ದುಬಿಡ್ತೀನಿ."

"ಊರಿನ ಮನೇಲಿರೋ ಮಿಕ್ಕ ಕುಂಡಗಳು, ಅಮ್ಮ?" ಎಂದಳು ನನ್ನವಳು.

"ಅವೂ ನೆರಳಿನ ಗಿಡಗಳೇ. ಇವರ ಕೈಗುಣ ಒಳ್ಳೇದು, ಇವರೇ ತರಲಿ."

ಗಾಡಿಯನ್ನು ವಾಪಸ್ ಕಳಿಸಬೇಕಾಗಲಿಲ್ಲ. ನಾನೇ ಹತ್ತಿ ಕೂತೆ.