ಮಾವನ ನಾಮಧೇಯದಡಿಯ ಲೈಸೆನ್ಸ್ ಕೀ

ಕನ್ನಡ ಅಧ್ಯಾಪಕ ಜಮೀರ್, ಮದುವೆಯಲ್ಲಿ ಕೊಟ್ಟ ಲ್ಯಾಪ್‌ಟಾಪ್ ಸಾಲದೆಂದು ಅದನ್ನು ದೇವದುರ್ಗದ ಮಾವನ ಮುಂದೆ ಬೋರಲು ಹಾಕಿ ಹೊಸದನ್ನು ಬೇಡಿದನಂತೆ! ಮಾನ್ವಿಯ ಚಹಾದಂಗಡಿಗಳಲ್ಲಿ ಹೀಗೊಂದು ಸುದ್ದಿ ಓಡಾಡುತ್ತಿದೆ. ಬೋರಲು ಹಾಕಿದ್ದು ನಿಜ. ಬೇಡಿದ್ದೂ ನಿಜ. ಆದರೆ ಬೇಡಿದ್ದು ಒಂದು ಸಾಲು ಅಕ್ಷರಗಳನ್ನು ಮಾತ್ರ.

ರಾಯಚೂರಿನ ಕಾಲೇಜೊಂದು ಅವನನ್ನು ‘ಸಂಶೋಧನೆಯಲ್ಲಿ ಪ್ರಾಮಾಣಿಕತೆ’ ಕುರಿತು ಉಪನ್ಯಾಸಕ್ಕೆ ಕರೆದಿತ್ತು. ಕೃತಿಚೌರ್ಯದ ಸಂತತಿಯನ್ನೇ ನಿರ್ಮೂಲ ಮಾಡುವೆನೆಂದು ಜಮೀರ್ ಪಣ ತೊಟ್ಟು ಸ್ಲೈಡುಗಳನ್ನು ಸಿದ್ಧಪಡಿಸಲು ಕೂರುವಷ್ಟರಲ್ಲಿ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಹೊಸದನ್ನು ಹಾಕಿಸಿದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಒಕ್ಕಣೆ ಬೇರೂರಿತು: ಈ ಆಪರೇಟಿಂಗ್ ಸಿಸ್ಟಂ ಅಸಲಿಯಲ್ಲ, ಲೈಸೆನ್ಸ್ ಕೀ ಕೊಡಿ! ಕಳ್ಳತನವನ್ನು ಖಂಡಿಸುವ ಪ್ರತಿಯೊಂದು ಸ್ಲೈಡಿನ ಕೆಳಗೂ ಕಳ್ಳನೆಂಬ ಮೊಹರು!

“ರಿಪೇರಿ ಅಂಗಡ್ಯಾಗ ಒಂದು ನಕಲಿ ಕೀ ಹಾಕಿ ಕೊಡ್ತಾರ. ಊರೆಲ್ಲಾ ಹಂಗ ಮಾಡ್ತದ,” ಎಂದಳು ಹೆಂಡತಿ ನಿಗಾರ್.

“ಈ ಮನ್ಯಾಗ ನಕಲಿ ಅನ್ನೂದು ಹೊಸ್ತಿಲ ದಾಟಂಗಿಲ್ಲ!”

“ಹೌದ್ರೀ? ನಿಮ್ಮ ತಲಿಗೂದಲ ಬಣ್ಣ ಹೆಂಗ ದಾಟ್ತು?”

ಜಮೀರ್ ಲ್ಯಾಪ್‌ಟಾಪನ್ನು ತಿರುವಿ ಹಾಕಿದ. ಅಸಲಿಯೆಂದು ಸಾಬೀತುಪಡಿಸುವ ಆ ಅಕ್ಷರಗಳ ಸಾಲು, ಅಂದರೆ ಕೀ, ಮುದ್ರಿಸಿದ ಚೀಟಿ ತಳದಲ್ಲೇ ಅಂಟಿಕೊಂಡಿತ್ತು. ಆದರೆ ಮಗಳ ಮದುವೆಗೆ ಕೊಟ್ಟ ಕೊಡ, ಪಾತ್ರೆ, ಪರಾತಗಳ ಮೇಲೆಲ್ಲ ಹೆಸರು ಕೊರೆಸಿದ್ದ ಮಾವ ಸತ್ತಾರ್ ಸಾಬ್, ಪಾತ್ರೆ ಅಂಗಡಿಯ ಅದೇ ಯಂತ್ರದಿಂದ ಇದರ ಬೆನ್ನಿಗೂ ಶಾಸನ ಬರೆಸಿದ್ದರು: ‘ನಿಗಾರ್‌ಗೆ ಅಬ್ಬಾ ಸತ್ತಾರ್ ಸಾಬ್, ದೇವದುರ್ಗ’. ಅಕ್ಷರಗಳು ನೆಟ್ಟಗೆ ಚೀಟಿಯ ಮೇಲೆಯೇ ನಡೆದುಹೋಗಿದ್ದವು. ಹಳಗನ್ನಡ ಶಾಸನಗಳ ತ್ರುಟಿತ ಭಾಗಗಳನ್ನು ಊಹಿಸಿ ತುಂಬುವ ಪಂಡಿತನಿಗೆ ಮಾವನ ಹೆಸರಿನಡಿಯ ಒಂದಕ್ಷರವೂ ದಕ್ಕಲಿಲ್ಲ.

“ಲ್ಯಾಪ್‌ಟಾಪ್ ಬಂದ ಡಬ್ಬಿ ಮ್ಯಾಲೂ ಕೀ ಬರದಿರ್ತದ. ಡಬ್ಬಿ ಅಬ್ಬಾ ಕಡೆ ಅದ,” ಎಂದಳು ನಿಗಾರ್.

ಹೀಗೆ ದೇವದುರ್ಗದ ಬಸ್ಸು ಹತ್ತಿದ ಜಮೀರ್, ಗಿರಾಕಿಗಳಿಂದ ಗಿಜಿಗುಡುತ್ತಿದ್ದ ಮಾವನ ಬಟ್ಟೆ ಅಂಗಡಿಯಲ್ಲಿ ಲ್ಯಾಪ್‌ಟಾಪನ್ನು ಬೋರಲು ಹಾಕಿದ.

“ಅಬ್ಬಾ, ನಿಮ್ಮ ಹೆಸರಿಂದ ಎಲ್ಲಾ ಹಾಳಾಗ್ಯದ ನೋಡ್ರಿ!”

ಲುಂಗಿ ಆರಿಸುತ್ತಿದ್ದವರ ಕೈಗಳು ಗಾಳಿಯಲ್ಲೇ ನಿಂತವು.

“ನನ್ನ ಹೆಸರಿಂದ? ಯಾಕ ಮಿಯಾ, ಕೊಟ್ಟಿದ್ದು ಕಮ್ಮಿ ಬಿತ್ತೇನ್ರಿ?”

“ಅಲ್ರೀ, ಇದರ ಖಾಲಿ ಡಬ್ಬಿ ಬೇಕು!”

“ಖಾಲಿ ಡಬ್ಬಿಗೆ ಇಷ್ಟು ಬಾಯಿ ಯಾಕ್ರಿ?”

ಅಷ್ಟರಲ್ಲಿ ಗಿರಾಕಿಗಳು ತಮಗೆ ಬೇಕಾದಷ್ಟನ್ನು ಕೇಳಿಸಿಕೊಂಡು ಹೊರಟಿದ್ದರು. ಸುದ್ದಿ ಅವನಿಗಿಂತ ಮುಂಚಿನ ಬಸ್ಸಿಗೇ ಮಾನ್ವಿ ಮುಟ್ಟಿತು.

ಮನೆಯಲ್ಲಿ ಅತ್ತೆ ಸರ್ವರಿ ಬೇಗಂ ಡಬ್ಬಿಯೊಳಗಿದ್ದ ಶಾವಿಗೆಯನ್ನು ಮೊರಕ್ಕೆ ಸುರಿದು ಕೊಟ್ಟರು. ಕೀ ಅಖಂಡವಾಗಿತ್ತು! ಜಮೀರ್ ಅಲ್ಲೇ ಅದನ್ನು ತುಂಬಿದ, ಕಳ್ಳಮೊಹರು ಮಾಯವಾಯಿತು. ಅವನು ಊಟಕ್ಕೆ ಕುಳಿತಾಗ ಸತ್ತಾರ್ ಸಾಬ್ ಪ್ರಾಯಶ್ಚಿತ್ತದ ಮುಖಭಾವದಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಎಲ್ಲಿಗೋ ಹೋಗಿ ಬಂದರು.

“ಇನ್ನ ಎಂದೂ ಕಳಿಯಂಗಿಲ್ಲ, ತಗೋರಿ ಮಿಯಾ!”

ಮುಚ್ಚಳದ ಮೇಲೆ, ಹೆಬ್ಬೆರಳಿನ ಗಾತ್ರದ ಅಕ್ಷರಗಳಲ್ಲಿ, ಪೂರ್ತಿ ಕೀ ಕೊರೆಸಿ ತಂದಿದ್ದರು.

ರಾಯಚೂರಿನ ಸಭಾಂಗಣದಲ್ಲಿ ಸಭಿಕರ ಏಕಾಗ್ರತೆ ಅಪೂರ್ವವಾಗಿತ್ತು. ಲ್ಯಾಪ್‌ಟಾಪಿನ ಮುಚ್ಚಳ ಅವರ ಕಡೆಗಿತ್ತು. ಜಮೀರ್ ಕೃತಿಚೌರ್ಯವನ್ನು ಖಂಡಿಸಿದಷ್ಟೂ ಮುಂದಿನ ಸಾಲಿನ ಅಧ್ಯಾಪಕರು ಕಣ್ಣು ಕಿರಿದಾಗಿಸಿ ನೋಡುವುದು, ಬರೆದುಕೊಳ್ಳುವುದು; ಹಿಂದಿನ ಸಾಲಿನವರು ಮೊಬೈಲೆತ್ತಿ ಫೋಟೊ ಹೊಡೆಯುವುದು!

“ಒಂದಕ್ಷರ ಬಿಡದಂಗ ಬರಕೊಂಡಾರ ನಿಗಾರ್!” ಎಂದು ಅವನು ಫೋನಿನಲ್ಲಿ ಹಿಗ್ಗಿದ.

ವಾರದೊಳಗೆ, ಈ ಕೀ ಮಿತಿಮೀರಿ ಬಳಕೆಯಾಗುತ್ತಿದೆಯೆಂದು ಕಂಪನಿ ಅದನ್ನು ರದ್ದುಪಡಿಸಿತು. ಸದ್ಯದ ಸ್ಥಿತಿ ಇಷ್ಟು: ಕೀ ಮುಚ್ಚಳದ ಮೇಲಿದೆ, ಪರದೆಯ ಮೂಲೆಯಲ್ಲಿ ‘ನೀವು ಬಳಸುತ್ತಿರುವುದು ಬೇರೊಬ್ಬರ ಕೀ’ ಎಂಬ ಹೊಸ ಒಕ್ಕಣೆ ಇದೆ.