ಕಾಕಾ ನಪಾಸು ಮಾಡಿದ ಊರು

ದೇವರು ಈ ಪ್ರಪಂಚವನ್ನು ಹೊಸದಾಗಿ ಮಾಡಿ ತಂದು ತೋರಿಸಿದರೂ ನಮ್ಮ ಕಾಕಾ ಅದನ್ನು ವಾಪಸ್ಸು ಕಳಿಸುವ ಪೈಕಿ! "ಒಂದ ಕಡೆ ಸಡಿಲ ಆಗೈತಿ, ಒಯ್ರಿ" ಅಂದುಬಿಡುತ್ತಾರೆ. ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಅಂದುಕೊಂಡಿರಾ? ಅವರ ಮನೆಯಲ್ಲಿ ಎರಡು ದಿನ ಉಂಡು ಬನ್ನಿ, ಆಮೇಲೆ ಮಾತಾಡೋಣ.

ಕಾಕಾ ನಿಪ್ಪಾಣಿಯ ಒಂದು ಬೀಡಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚೆಕರ್ ಆಗಿದ್ದವರು. ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿಗಳನ್ನು ಇಪ್ಪತ್ತೈದರ ಕಟ್ಟು ಮಾಡಿ, ಬುಟ್ಟಿಯಲ್ಲಿ ತಂದು ಅವರ ಮೇಜಿನ ಮುಂದೆ ಸಾಲಾಗಿ ಪಾಳಿ ಹಚ್ಚಬೇಕು. ಕಾಕಾ ಒಂದೊಂದು ಕಟ್ಟನ್ನೂ ಎರಡು ಬೆರಳಲ್ಲಿ ಒತ್ತಿ, ತುದಿ ನೋಡಿ, ಮನಸ್ಸಿಗೆ ಬಾರದ್ದನ್ನು "ನಪಾಸ್!" ಎಂದು ಪಕ್ಕದ ಚೀಲಕ್ಕೆ ಎಸೆಯಬೇಕು. ಹಾಗೆ ಎಸೆದದ್ದಕ್ಕೆ ಕೂಲಿ ಇಲ್ಲ, ಅದು ಕಟ್ಟಿದವರ ಕೈಗೆ ಮರಳಿ ಬರುವುದೂ ಇಲ್ಲ. ಹೀಗಾಗಿ ಇಡೀ ಓಣಿಯ ಬೈಗುಳಕ್ಕೆ ಕಾಕಾ ಒಬ್ಬರೇ ವಾರಸುದಾರರು.

ಆ ಪಾಳಿಯಲ್ಲಿ ನಮ್ಮ ಕಾಕುವೂ ಇದ್ದರು, ಅಂದರೆ ಕಾಕಾನ ಸ್ವಂತ ಹೆಂಡತಿ! ಹೆಂಡತಿಯ ಬೀಡಿ ಪಾಸು ಮಾಡಿದರೆ ಜನ ಏನಂದಾರು? ಆ ಭಯಕ್ಕೆ ಕಾಕಾ ಎಲ್ಲರಿಗಿಂತ ಹೆಚ್ಚು ನಪಾಸು ಮಾಡುತ್ತಿದ್ದುದು ಕಾಕುವಿನ ಕಟ್ಟುಗಳನ್ನೇ. ಓಣಿಯಲ್ಲೆಲ್ಲ ಚಂದ ಬೀಡಿ ಕಟ್ಟುವವರು ಕಾಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಸಂಜೆ ಮನೆಯಲ್ಲಿ ಕಾಕಾನಿಗೆ ಚಹಾ ಯಾವಾಗ ಸಿಗುತ್ತಿತ್ತು, ಸಿಗುತ್ತಿತ್ತೋ ಇಲ್ಲವೋ, ಅದನ್ನು ನಾನು ಹೇಳಲಾರೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಊರಿನ ಕಳೆ ಇಳಿಯತೊಡಗಿತು. ತಂಬಾಕು ತುಂಬಿಡುವ ವಖಾರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕಾಕಾನ ಕಾರ್ಖಾನೆಯೂ ಮುಚ್ಚಿತು. ಊರೆಲ್ಲ ಮುಂದೇನು ಎಂದು ತಲೆಯ ಮೇಲೆ ಕೈ ಹೊತ್ತು ಕೂತರೆ, ಕಾಕಾನದು ಬೇರೆಯೇ ಚಿಂತೆ: ಇನ್ನು ತಾವು ಚೆಕ್ ಮಾಡುವುದಾದರೂ ಏನನ್ನು? ಕೆಲಸ ಹೋದ ಸುದ್ದಿ ಅವರ ಬೆರಳುಗಳಿಗೆ ಮುಟ್ಟಿರಲೇ ಇಲ್ಲ.

ಬೆರಳುಗಳು ಮೊದಲು ಹೊರಟದ್ದು ಸಂತೆಗೆ. ಬೆಂಡೆಕಾಯಿ ಕಂಡರೆ ಬಿಟ್ಟಾರೆಯೇ! ಇಪ್ಪತ್ತೈದು ಎಣಿಸಿ, ತುದಿ ಸಮ ಮಾಡಿ, ಒತ್ತಿ ನೋಡಿ, "ನಪಾಸ್!" ಎಂದು ಪಕ್ಕಕ್ಕೆ ಎಸೆದರು. ಮಾರುತ್ತಿದ್ದವಳು ಒಂದು ಕಾಲಕ್ಕೆ ಅವರ ಪಾಳಿಯಲ್ಲಿ ನಿಂತವಳೇ.

"ಕಾಕಾ, ಭೇಂಡಿ ಪಲ್ಯಾ ಮಾಡೋದ್ರಿ, ಸೇದೋದಲ್ಲ! ಅವತ್ತ ನನ್ನ ಬೀಡಿ ಒಗದ್ರಿ, ಸುಮ್ಮನಿದ್ದೆ. ಇವತ್ತ ಪಾಳಿ ನಂದೈತಿ. ನೀವ ನಪಾಸ್, ನಡೀರಿ!"

ಕಾಕಾ ಬರಿಗೈಯಲ್ಲಿ ಮನೆಗೆ ಬಂದು, "ಆಕಿ ಆವಾಜ ಮಾತ್ರ ಗಟ್ಟಿ ಐತಿ, ಪಾಸ್" ಅಂದರು.

ಆಮೇಲೆ ಒಂದು ಹಳೆಯ ವಖಾರಿಯೇ ಮಂಗಲ ಕಾರ್ಯಾಲಯವಾಯಿತು. ಸುಣ್ಣ ಬಳಿದರು, ಲೈಟಿನ ಸರ ಬಿಟ್ಟರು, ಆದರೆ ಗೋಡೆಯೊಳಗೆ ಇಳಿದ ತಂಬಾಕಿನ ಘಾಟು ಎಲ್ಲಿ ಹೋಗಬೇಕು? ಅಲ್ಲಿ ನಡೆದ ಮೊದಲ ಮದುವೆಗೆ ಅಥಣಿಯಿಂದ ವರನ ಕಡೆಯವರು ಬಂದಿಳಿದರು. ಅಕ್ಷತೆಯ ಹೊತ್ತಿಗೆ ಸರಿಯಾಗಿ ಅವರು ಕರೆತಂದ ಭಟ್ಟರಿಗೆ ಸೀನು, ವರನಿಗೆ ಸೀನು, ವರನ ಅಪ್ಪನಿಗೆ ಸೀನು. ಅವರ ಬ್ಯಾಂಡಿನವನ ಕಹಳೆಗೂ ಸೀನು! ನಿಪ್ಪಾಣಿಯವರು ಮಾತ್ರ ಹಾಯಾಗಿ ಉಸಿರಾಡುತ್ತಿದ್ದೆವು. ಅತ್ತ ಕಾಕಾ ಊಟದ ಪಂಕ್ತಿಯಲ್ಲಿ ಬುಂದಿ ಲಾಡು ಒತ್ತಿ ಒತ್ತಿ ಏಳು ಲಾಡು ನಪಾಸು ಮಾಡಿದ್ದರು. ಸಾಲದ್ದಕ್ಕೆ ವರನನ್ನು ಮೇಲಿಂದ ಕೆಳಗೆ ನೋಡಿ, "ನಡು ಸಡಿಲ ಐತಿ" ಅಂದುಬಿಟ್ಟರು! ಬೀಗರ ಕೈಗೆ ಸಿಗುವ ಮುಂಚೆ ನಾನು ಅವರನ್ನು ಹಿಂಬಾಗಿಲಿನಿಂದ ದಾಟಿಸಬೇಕಾಯಿತು.

ಹೀಗಿರುವಾಗ ಸಮಾಜಶಾಸ್ತ್ರ ಓದುವ ಹುಡುಗಿಯೊಬ್ಬಳು ಬಂದಳು. ನಮ್ಮ ಊರು ಹೇಗೆ ಇಳಿದುಹೋಯಿತು ಎಂದು ಪ್ರಬಂಧ ಬರೆಯುತ್ತಾಳಂತೆ. ಊರು ಇಳಿಯುವುದೂ ಒಂದು ವಿದ್ಯೆಯೇ ಎಂದು ನಮಗೆ ಗೊತ್ತಾದದ್ದು ಅವತ್ತು! ಅವಳು ಪ್ರಶ್ನೆಗಳ ಹಾಳೆ ತೆಗೆದದ್ದೇ ತಡ, ಕಾಕಾ ಕಸಿದುಕೊಂಡು ಎಣಿಸಿದರು.

"ಇಪ್ಪತ್ನಾಕ ಅದಾವಲ್ಲ ತಂಗಿ! ಕಟ್ಟ ತುಂಬಿಲ್ಲ. ನಪಾಸ್."

ಹುಡುಗಿ ಚುರುಕಿನವಳು. ಪೆನ್ನು ತೆಗೆದು ಅಲ್ಲೇ ಇಪ್ಪತ್ತೈದನೆಯದನ್ನು ಬರೆದು ಓದಿದಳು: "ನೀವು ನಪಾಸ್ ಮಾಡಿದ ಬೀಡಿಗಳು ಎಲ್ಲಿಗೆ ಹೋಗ್ತಿದ್ವು ಸರ್?"

ಕಾಕಾ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಎರಡು ಬೆರಳಲ್ಲಿ ಒತ್ತಿದರು. ಒಳಗೆ ಪಾತ್ರೆಯ ಸದ್ದು ನಿಂತಿತು, ಕಾಕು ಕೇಳಿಸಿಕೊಳ್ಳುತ್ತಿದ್ದರು.

"ಅವೂ ಮಾರಾಟ ಆಗ್ತಿದ್ವು ತಂಗಿ," ಅಂದರು ಕಾಕಾ. "ಮಾಲಕರು ಅವನ್ನೂ ಮಾರತಿದ್ರು. ನನಗ ಗೊತ್ತಿತ್ತು."

ಅವತ್ತಿನಿಂದ ಕಾಕಾ ನಪಾಸು ಮಾಡುವುದನ್ನೇ ಬಿಟ್ಟರು. ಉಪ್ಪಿಲ್ಲದ ಸಾರು ಪಾಸು. ತಣ್ಣಗಾದ ಚಹಾ ಪಾಸು. ಹಾಡು ಹಾಡುತ್ತ ಬಂದ ಒಡಕು ಮೈಕಿನ ಪ್ರಚಾರದ ರಿಕ್ಷಾ ಕೂಡ ಪಾಸು! ನಾವೆಲ್ಲ ಮೊದಲ ದಿನ ನಕ್ಕೆವು, ಎರಡನೇ ದಿನ ಖುಷಿಪಟ್ಟೆವು. ನಾಲ್ಕನೇ ದಿನ ಮನೆಯೊಳಗೆ ಯಾರಿಗೂ ಅನ್ನ ಇಳಿಯಲಿಲ್ಲ. ಅವರ ಎರಡು ಬೆರಳು ಮಡಿಲಲ್ಲಿ ಹಾಗೇ ಬಿದ್ದಿರುತ್ತಿದ್ದವು.

ಐದನೇ ದಿನ ಮಧ್ಯಾಹ್ನ ನಾನು ಅಡುಗೆಮನೆಗೆ ಹೋದಾಗ, ಕಾಕು ಚಂದ್ರನಂತೆ ದುಂಡಗಿದ್ದ ಜೋಳದ ರೊಟ್ಟಿಯ ಅಂಚನ್ನು ಬೇಕೆಂದೇ ಹರಿಯುತ್ತಿದ್ದರು.

"ಏನ್ ಕಾಕು ಇದು? ಛಂದ ಇತ್ತಲ್ಲ!"

"ಸುಮ್ಕಿರಪಾ," ಅಂದರು ಕಾಕು. "ಐದ ದಿನ ಆತು, ಬೈಸ್ಕೊಂಡಿಲ್ಲ. ಹಿಂಗ ಕುಂತ್ರ ಇವರು ಉಳಿಯಂಗಿಲ್ಲ."

ರೊಟ್ಟಿ ಕಾಕಾನ ತಾಟಿಗೆ ಬಿತ್ತು. ಅವರು ಎರಡು ಬೆರಳಲ್ಲಿ ಎತ್ತಿದರು. ಹರಿದ ಅಂಚನ್ನು ನೋಡಿದರು. ಕಾಕುವಿನ ಮುಖ ನೋಡಿದರು.

"ನಪಾಸ್," ಅಂದರು ಮೆಲ್ಲಗೆ.

ಕಾಕು ಗೆದ್ದವರಂತೆ ಅದನ್ನು ತೆಗೆಯಲು ಕೈ ಚಾಚಿದರು. ಕಾಕಾ ಕೊಡಲಿಲ್ಲ. ಕಡಲೆಹಿಟ್ಟಿನ ಜುಣಕದಲ್ಲಿ ಅದ್ದಿ, ಹರಿದ ಕಡೆಯಿಂದಲೇ ತಿನ್ನತೊಡಗಿದರು.

"ನಿನ್ನ ಬೀಡಿ ಒಂದೂ ನಪಾಸ್ ಇರಲಿಲ್ಲ. ಮೂವತ್ತ ವರ್ಷದಾಗ ಒಂದೂ ಇಲ್ಲ."

"ಗೊತ್ತೈತ್ರಿ," ಅಂದರು ಕಾಕು, ಇನ್ನೊಂದು ರೊಟ್ಟಿ ತಾಟಿಗೆ ಹಾಕುತ್ತ. "ಮೊದಲ ಉಣ್ರಿ."