ಮೂಕಿ ಪಿಚ್ಚರಿನಲ್ಲಿ ಆನೆ ಇತ್ತೇ?

ಮೈಸೂರು ಅರಮನೆಯಲ್ಲಿ ಮಹಾರಾಜರ ಎದುರಿಗೆ ಮೂಕಿ ಪಿಚ್ಚರಿಗೆ ಕಥೆ ಹೇಳಿ, ಅವರ ಕೈಯಿಂದಲೇ ಈ ಶಾಲು ಹೊದಿಸಿಕೊಂಡವನು ನಾನು. ಸುಳ್ಳು. ಶಾಲು ಬಡವನಹಳ್ಳಿ ಸಂತೆಯದು, ಅರಮನೆ ನೋಡಿದ್ದು ಕ್ಯಾಲೆಂಡರಿನಲ್ಲಿ. ಕಥೆ ಹೇಳಿದ್ದು ಮಾತ್ರ ನಿಜ.

ಹಳೇ ಪಿಚ್ಚರು ಚೆನ್ನಾಗಿತ್ತೋ ಈಗಿನ ಟಾಕಿ ಚೆನ್ನಾಗಿದೆಯೋ ಅಂತ ನಾಲ್ಕು ಜನ ಮಾತು ತೆಗೆದ ಕಡೆ ಜಗಳ ಆಗದೆ ಇರುವುದಿಲ್ಲ. ಆ ಜಗಳದ ಬುಡ ಕೆದಕಿದರೆ ಅಲ್ಲಿ ನಾನು ಸಿಗದೆ ಇರುವುದಿಲ್ಲ. ಈಗ ಈ ಹೋಟೆಲಿನಲ್ಲಿ ನೀವು ಶುರು ಮಾಡಿದ್ದೀರಿ, ನೋಡಿ, ಪಕ್ಕದ ಬೆಂಚಿನಲ್ಲೇ ನಾನು ಸಿಕ್ಕಿಬಿಟ್ಟೆ.

ಪಿಚ್ಚರುಗಳಿಗೆ ಬಾಯಿ ಬರುವ ಮುಂಚೆ ನಮ್ಮ ಡೇರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸುತ್ತುತ್ತಿತ್ತು. ಪರದೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು, ಯಾರು ಏನು ಅಂದರು ಅಂತ ಜನಕ್ಕೆ ಹೇಳುವುದು ನನ್ನ ಕೆಲಸ. ಮಧ್ಯೆ ಮಧ್ಯೆ ಪರದೆಯ ಮೇಲೆ ಅಕ್ಷರ ಬರುತ್ತಿತ್ತು. ಇಂಗ್ಲಿಷು, ಗುಜರಾತಿ, ಉರ್ದು. ನನಗೆ ಓದಲು ಬರುವುದು ಕನ್ನಡ ಒಂದೇ, ಅದೂ ಕನ್ನಡಕ ಸಿಕ್ಕರೆ. ಹಾಗಾಗಿ ಕಥೆ ಹೇಳುವುದಕ್ಕೆ ನನಗೆ ಯಾವ ಅಡ್ಡಿಯೂ ಇರಲಿಲ್ಲ.

ಡೇರೆಯ ಯಜಮಾನರು ಮಧುಗಿರಿಯ ಹುಣಸೆಹಣ್ಣಿನ ವ್ಯಾಪಾರಿ, ಹಣೆ ತುಂಬ ವಿಭೂತಿ. ಅವರ ಹತ್ತಿರ ಸ್ವಂತಕ್ಕೆ ಇದ್ದದ್ದು ಒಂದೇ ಪಿಚ್ಚರು. ಮಂತ್ರಿಯ ಕುತಂತ್ರದಿಂದ ರಾಣಿ ಕಾಡು ಸೇರುತ್ತಾಳೆ, ರಾಜ ಹುಡುಕುತ್ತಾನೆ, ಕೊನೆಗೆ ಅವಳು ಮರದ ಕೆಳಗೆ ಕಣ್ಣು ಮುಚ್ಚಿ ಮಲಗಿರುತ್ತಾಳೆ. ಅಷ್ಟೇ ಕಥೆ. ಊರೆಲ್ಲ ಅದನ್ನು ರಾಣಿ ಪಿಚ್ಚರು ಅಂತಲೇ ಕರೆಯುತ್ತಿತ್ತು.

ಟಾಕಿ ಮಿಷನ್ನು ಬಂದ ವರ್ಷ ಯಜಮಾನರು ನನ್ನನ್ನು ಕರೆದರು.

"ಇನ್ಮೇಲೆ ಪಿಚ್ಚರ್ರೇ ಮಾತಾಡ್ತದೆ. ನೀನ್ಯಾಕಯ್ಯಾ?"

"ಟಾಕಿ ಬರ್ಲಿ ಸ್ವಾಮಿ. ಆದ್ರೆ ರಾಣಿ ಪಿಚ್ಚರ್ ಬುಡಬ್ಯಾಡಿ. ಜನ ಇನ್ನೂ ಅದನ್ನೇ ಕೇಳ್ತಾರೆ."

"ಹಳಸೋಗೈತೆ ಕಣಯ್ಯಾ. ಬಳೆ ಮಾಡೋರು ರೀಲು ಕರಗಿಸ್ಕೋತೀವಿ ಅಂತ ಬಂದು ಕೂತವ್ರೆ."

"ಒಂದಾಟ ಹಾಕಿ ನೋಡಿ."

ಅವರು ಮೀಸೆ ತಿರುವಿದರು. "ಆಗ್ಲಿ. ಮಧುಗಿರೀಲೇ ಹಾಕಾನ. ಆದ್ರೆ ನೀನು ಬಾಯಿ ಬಿಡಂಗಿಲ್ಲ, ಹೊರಗೆ ಕೂತಿರು. ಪಿಚ್ಚರು ಚೆನ್ನಾಗಿದ್ರೆ ತಾನಾಗೇ ನಿಲ್ತದೆ. ಜನ ಕೊನೇ ಗಂಟ ಕೂತ್ರೆ ಪಿಚ್ಚರೂ ಇರ್ಲಿ, ನೀನೂ ಇರು. ಎದ್ದೋದ್ರೆ ರೀಲು ಬಳೆಯೋರ ಮನೆಗೆ, ನೀನು ನಿಮ್ಮತ್ತೆ ಮನೆಗೆ."

ನಮ್ಮತ್ತೆಯನ್ನು ನೀವು ನೋಡಿಲ್ಲ. ಆದ್ದರಿಂದ ಆ ಮಾತಿನ ತೂಕ ಎಷ್ಟು ಅಂತ ನಿಮಗೆ ತಿಳಿಯುವುದು ಕಷ್ಟ.

ಆ ಆಟ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಅದಕ್ಕೆ ಮುಂಚೆ, ಆ ಪಿಚ್ಚರು ಜನರ ಮನಸ್ಸಿನಲ್ಲಿ ಹೇಗೆ ಹೋಗಿ ಕೂತಿತ್ತು ಅನ್ನುವುದು ನಿಮಗೆ ಗೊತ್ತಿರಲಿ.

ಪಾವಗಡದ ಅಜ್ಜಿ

ಕೊನೆಯಲ್ಲಿ ರಾಣಿ ಕಣ್ಣು ಮುಚ್ಚಿರುತ್ತಾಳೆ ಅಂದೆನಲ್ಲ. ಸತ್ತಿದ್ದಾಳೋ ನಿದ್ದೆ ಮಾಡುತ್ತಿದ್ದಾಳೋ ಪಿಚ್ಚರಿನವರಿಗೇ ಗೊತ್ತು. ಮಧುಗಿರಿಯವರು ಅಳುವುದಕ್ಕೇ ಬರುವವರು, ಸೆರಗು ಒದ್ದೆಯಾಗದೆ ಹೋದರೆ ಕೊಟ್ಟ ಕಾಸು ದಂಡ ಅನ್ನುವ ಜನ. ಅವರಿಗಾಗಿ ನಾನು ರಾಣಿಯನ್ನು ಸಾಯಿಸುತ್ತಿದ್ದೆ.

ಪಾವಗಡದಲ್ಲೂ ಮೊದಲನೇ ದಿನ ಹಾಗೇ ಸಾಯಿಸಿದೆ. ಆಟ ಮುಗಿಯಿತು, ಜನ ಎದ್ದರು, ಒಬ್ಬ ಅಜ್ಜಿ ಏಳಲಿಲ್ಲ. ಕೋಲೂರಿಕೊಂಡು ನೇರ ನನ್ನ ಹತ್ತಿರ ಬಂದಳು.

"ಎಂದುಕು ನಾಯನಾ ಆ ಪಿಲ್ಲನಿ ಚಂಪಿನಾವು?" ಯಾಕಪ್ಪಾ ಆ ಹುಡುಗೀನ ಕೊಂದೆ ಅಂತ.

"ನಾನು ಕೊಲ್ಲಲಿಲ್ಲಮ್ಮಾ. ಪಿಚ್ಚರ್ನಾಗೇ ಅಂಗೈತೆ."

"ಪಿಚ್ಚರ್ಗೆ ಬಾಯಿ ಐತಾ? ಸತ್ತೋದ್ಲು ಅಂದೋನು ನೀನು. ಎಬ್ಬುಸು."

ಪರದೆಯ ಮೇಲೆ ಏನೂ ಇರಲಿಲ್ಲ, ಬರೀ ಬಟ್ಟೆ. ಆ ಬಟ್ಟೆಯ ಕಡೆ ಬೆತ್ತ ತೋರಿಸಿ, ರಾಣಿಗೆ ಋಷಿಯೊಬ್ಬ ನೀರು ಚಿಮುಕಿಸಿದ, ಅವಳು ಕಣ್ಣು ಬಿಟ್ಟಳು, ರಾಜನ ಜೊತೆ ಊರಿಗೆ ಹೋದಳು ಅಂತ ಅಜ್ಜಿಯೊಬ್ಬಳಿಗೇ ಹೇಳಿದೆ. ಅವಳು ಬಟ್ಟೆಗೆ ಕೈ ಮುಗಿದು ಹೋದಳು. ಮರುದಿನ ರೊಟ್ಟಿ, ಕಡಲೆಕಾಯಿ ಚಟ್ನಿ ಕಟ್ಟಿಕೊಂಡು ಬಂದಳು. "ರಾಣೀಗೆ. ಕಾಡ್ನಾಗೆ ಏನೂ ತಿಂದಿಲ್ಲ ಪಾಪ."

ಅವತ್ತಿನಿಂದ ಪಾವಗಡದಲ್ಲಿ ರಾಣಿ ಒಂದು ದಿನವೂ ಸಾಯಲಿಲ್ಲ, ನಾನೂ ಉಪವಾಸ ಇರಲಿಲ್ಲ.

ಬೀಗರ ಜಗಳ

ಇದರ ಫಲ ವರ್ಷಗಳ ಮೇಲೆ ಹೊರಬಿತ್ತು. ಮಧುಗಿರಿ ಗಂಡು, ಪಾವಗಡದ ಹೆಣ್ಣು, ಮದುವೆ ಊಟ. ಎಲೆಯ ಮುಂದೆ ಕೂತು ಗಂಡಿನ ತಂದೆ ಅಂದರಂತೆ, "ಟಾಕಿ ಏನ್ರೀ ಟಾಕಿ. ಆ ರಾಣಿ ಸತ್ತಾಗ ಅತ್ತಂಗೆ ನಾವು ಇನ್ಯಾವ ಪಿಚ್ಚರ್ಗೂ ಅತ್ತಿಲ್ಲ."

ಹೆಣ್ಣಿನ ತಂದೆ ಅನ್ನ ಕಲಸುವುದು ನಿಲ್ಲಿಸಿದರು. "ಸತ್ತಿಲ್ವಲ್ಲ ಬೀಗರೇ. ಎದ್ದು ಊರಿಗೆ ಹೋದ್ಲು."

"ಸತ್ತೋಳು ಎಲ್ಲಿಗ್ರೀ ಹೋಗ್ತಾಳೆ?"

"ಅಂದ್ರೆ ನಾನು ಸುಳ್ಳುಗಾರನಾ?"

ಮಾತಿಗೆ ಮಾತು ಬೆಳೆದು ಎರಡು ಕಡೆಯವರೂ ಎಲೆ ಬಿಟ್ಟು ಎದ್ದರು. ಪಂಕ್ತಿಯ ಕೊನೆಯಲ್ಲಿ ಕರೆಯದೆ ಬಂದು ಉಣ್ಣುತ್ತಿದ್ದ ನನ್ನನ್ನು ಯಾರೋ ಗುರುತು ಹಿಡಿದರು. "ಕಥೆ ಹೇಳ್ತಿದ್ದೋನು ಇಲ್ಲೇ ಅವ್ನೆ ಕಣ್ಲಾ, ಕೇಳ್ರೋ!"

ಬಾಯಲ್ಲಿ ಹೋಳಿಗೆ ಇತ್ತು. ಅದು ಇಳಿಯುವಷ್ಟು ಹೊತ್ತಿನಲ್ಲಿ ತೀರ್ಪು ತಯಾರಾಯಿತು. "ಇಬ್ಬರೂ ಸರಿ. ಮಧುಗಿರೀಲಿ ಸತ್ತಿದ್ದು ನಿಜ. ಪಾವಗಡಕ್ಕೆ ಹೋಗೋ ಹೊತ್ಗೆ ಜೀವ ಬಂತು. ಆ ಕಡೆ ಗಾಳಿ ಒಣಗಾಳಿ, ಮೈಗೊಳ್ಳೇದು."

ಹೆಣ್ಣಿನ ತಂದೆಯ ಮುಖ ಅರಳಿತು. "ಕೇಳಿದ್ರಾ ಬೀಗರೇ? ನಮ್ಮ ಕಡೆ ಗಾಳಿಗೆ ಸತ್ತೋರೇ ಏಳ್ತಾರೆ!"

"ಅದಕ್ಕೇ ಅಲ್ವೇ ನಿಮ್ಮೂರ ಹೆಣ್ಣು ತರ್ತಿರೋದು," ಅಂದರು ಗಂಡಿನ ತಂದೆ. ಎಲ್ಲರೂ ಕೂತರು. ನನಗೆ ಇನ್ನೊಂದು ಹೋಳಿಗೆ ಬಿತ್ತು.

ಶಿರಾದ ಮೇಷ್ಟ್ರು

ಶಿರಾದಲ್ಲಿ ಮಾತ್ರ ನನಗೆ ಒಂದು ಕಂಟಕ ಇತ್ತು. ಅಲ್ಲಿಯ ಉರ್ದು ಮೇಷ್ಟ್ರಿಗೆ ಪರದೆಯ ಮೇಲಿನ ಅಕ್ಷರ ಓದಲು ಬರುತ್ತಿತ್ತು.

ರಾಜ ತುಟಿ ಅಲ್ಲಾಡಿಸಿದ, ಅಕ್ಷರ ಬಂತು. ನಾನು ಬೆತ್ತ ಎತ್ತಿದೆ. "ಎಲೈ ರಾಣಿಯೇ! ಮಾರಿಕಣಿವೆ ಕಟ್ಟೆಯ ನೀರು ಹಿಂದಕ್ಕೆ ಹರಿದರೂ ನಾನು ನಿನ್ನ ಕೈ ಬಿಡೆನು!"

ಮೇಷ್ಟ್ರು ಎದ್ದು ನಿಂತರು. "ಮಾಫ್ ಕರೋ ಭಾಯಿ. ಅಲ್ಲಿ ಅಂಗೆ ಬರ್ದಿಲ್ಲ."

"ಮತ್ತೆ ಏನ್ ಬರ್ದೈತೆ ಸಾಬ್ರೆ?"

"ಬಾಗಿಲು ಮುಚ್ಚು ಅಂತ ಬರ್ದೈತೆ."

ಜನರೆಲ್ಲ ನನ್ನ ಕಡೆ ತಿರುಗಿದರು. ನನ್ನ ಅನ್ನಕ್ಕೆ ಅವತ್ತೇ ಕಲ್ಲು ಬೀಳಬೇಕಿತ್ತು. ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದ ರೈತನೊಬ್ಬ ಕೂಗಿದ. "ಕೂತ್ಕಳ್ರೀ ಸಾಬ್ರೆ! ಬಾಗ್ಲು ಮುಚ್ಚು ಅಂತ ನಮ್ಮನೇಲೂ ದಿನಾ ಅಂತಾರೆ. ಅದ ಕೇಳಕ್ಕೆ ಇಷ್ಟು ದೂರ ಬರಬೇಕಾ? ನೀನು ಯೋಳಣ್ಣಾ."

ಆ ಪುಣ್ಯಾತ್ಮ ಯಾರೋ, ಅವನ ಹೊಲ ತಣ್ಣಗಿರಲಿ.

ಮರುದಿನ ನೋಡಿದರೆ ಮೇಷ್ಟ್ರು ಎಲ್ಲರಿಗಿಂತ ಮುಂದೆ ಕೂತಿದ್ದಾರೆ. "ಇವತ್ತೂ ತಪ್ಪು ಹಿಡಿಯೋಕೆ ಬಂದ್ರಾ ಸಾಬ್ರೆ?" ಅಂದೆ.

"ನಹೀ ಭಾಯಿ. ನಿನ್ನೆ ಮನೇಗೋಗಿ ಬೇಗಂಗೆ ಬಾಗಿಲು ಮುಚ್ಚು ಅಂದೆ, ಮುಚ್ಚಿದ್ಲು. ಆಮೇಲೆ ನಿನ್ನ ಮಾರಿಕಣಿವೆ ಮಾತು ಹೇಳ್ದೆ, ಬಿರಿಯಾನಿ ಮಾಡಿದ್ಲು. ಇವತ್ತಿಂದೂ ಸ್ವಲ್ಪ ಜೋರಾಗಿ ಹೇಳು."

ಕೊರಟಗೆರೆಯ ಕತ್ತಲು

ಈಗ ಆನೆ.

ಕೊರಟಗೆರೆಯಲ್ಲಿ ಒಂದು ಸಂಜೆ ರಾಣಿ ಕಾಡಿಗೆ ಕಾಲಿಟ್ಟಳು, ಮಂತ್ರಿಯ ಕಡೆಯ ಕಟುಕರು ಕತ್ತಿ ಹಿಡಿದು ಹಿಂದೆ ಬಂದರು, ರೀಲು ಪಟ್ಟಂತ ಕಿತ್ತುಹೋಯಿತು. ಕತ್ತಲೋ ಕತ್ತಲು. ಆಪರೇಟರು ಅಂಟು ಹಾಕಲು ಹೊತ್ತು ಬೇಕು, ಜನ ಆಗಲೇ ಶಿಳ್ಳೆ ಶುರು ಮಾಡಿದ್ದರು.

ಬಾಯಿಗೆ ಬಂದದ್ದು ಬಂತು. "ಸುಮ್ಮನಿರಿ! ಯಾಕೆ ಕತ್ತಲಾಯಿತು ಗೊತ್ತೇ? ರಾಣಿಯನ್ನು ಕಾಯಲು ಕಾಡಾನೆ ಬಂದಿತು, ಅದರ ಮೈ ಅಡ್ಡವಾಗಿ ಏನೂ ಕಾಣದಾಯಿತು!" ಅಂದೆ. ಗಾಡಿ ಎತ್ತಿನ ಗಂಟೆ ಪಕ್ಕದಲ್ಲೇ ಇತ್ತು, ಆಡಿಸಿದೆ. ರೀಲಿನ ತಗಡು ಡಬ್ಬಕ್ಕೆ ಕೈಯಲ್ಲಿ ಗುದ್ದಿದೆ. ಧಿಮ್, ಧಿಮ್. ಕಾಡಾನೆ ಕೊರಳಿಗೆ ಗಂಟೆ ಕಟ್ಟಿದವರು ಯಾರು ಅಂತ ಒಬ್ಬನೂ ಕೇಳಲಿಲ್ಲ. ಮುಂದಿನ ಸಾಲಿನವರು ಕಾಲು ಎಳೆದುಕೊಂಡರು. ಬೆಳಕು ಬರುವ ಹೊತ್ತಿಗೆ ಕಟುಕರೆಲ್ಲ ಆನೆಯ ಕಾಲಡಿ ಸತ್ತಿದ್ದರು.

ಆ ಅಂಟು ಗಟ್ಟಿ ನಿಲ್ಲಲಿಲ್ಲ. ಪ್ರತಿ ಊರಲ್ಲೂ ರೀಲು ಅಲ್ಲೇ ಕಿತ್ತುಕೊಳ್ಳುತ್ತಿತ್ತು, ಆನೆ ತಪ್ಪದೆ ಬರುತ್ತಿತ್ತು. ನಮ್ಮ ಡೇರೆಯಲ್ಲಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಿದ್ದದ್ದು ಅದೊಂದೇ.

ಮಧುಗಿರಿಯ ಪರೀಕ್ಷೆ

ಆಟದ ದಿನ ಬಂತು. ಯಜಮಾನರು ಮಾತಿಗೆ ತಪ್ಪದವರು, ನನ್ನನ್ನು ಹೊರಗೆ ಡೇರೆಯ ಗಳುವಿನ ಪಕ್ಕ ಕೂರಿಸಿದರು. ಇಷ್ಟು ವರ್ಷ ಟಿಕೆಟ್ ಕಿಟಕಿ ಬಿಟ್ಟು ಏಳದವರು ಅವತ್ತು ಪರೀಕ್ಷೆ ನೋಡಲು ತಾವೇ ಒಳಗೆ ಹೋಗಿ ನಿಂತರು. ಡೇರೆ ಕಿಕ್ಕಿರಿದಿತ್ತು. ದೊಡ್ಡೇರಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು.

ಮೊದಮೊದಲು ತೊಂದರೆಯಿಲ್ಲ. ಅವರಿಗೆಲ್ಲ ನನ್ನ ಮಾತು ಬಾಯಿಪಾಠ, ಅವರವರೇ ಹೇಳಿಕೊಳ್ಳುತ್ತಿದ್ದರು. ರಾಣಿ ಕಾಡಿಗೆ ಕಾಲಿಟ್ಟಳು. ಕಟುಕರು ಬಂದರು. ಆದರೆ ಅವತ್ತು ಆಪರೇಟರು, ಯಜಮಾನರು ನೋಡುತ್ತಾರೆ ಅಂತ, ರೀಲನ್ನು ಭದ್ರವಾಗಿ ಅಂಟಿಸಿಬಿಟ್ಟಿದ್ದ. ಕಿತ್ತುಕೊಳ್ಳಲೇ ಇಲ್ಲ! ರಾಣಿ ಸುಮ್ಮನೆ ನಡೆದುಕೊಂಡು ಒಂದು ಗುಡಿಸಲು ಸೇರಿದಳು.

"ಏ! ಆನೆ ಎಲ್ಲಿ?"

"ಆನೆ ಸೀನು ಕತ್ತರಿಸವ್ರೆ ಕಣ್ರೋ!"

ಯಜಮಾನರು ತಬ್ಬಿಬ್ಬು. "ಯಾವ ಆನೆ? ಲೇ ಆಪರೇಟರ್, ಇದ್ರಾಗೆ ಆನೆ ಐತೇನೋ?"

"ಇಲ್ಲ ಸ್ವಾಮಿ."

"ಇಲ್ವಂತ್ರಪ್ಪಾ, ಶಿವನಾಣೆ!"

"ಅಷ್ಟು ವಿಭೂತಿ ಇಟ್ಕಂಡು ಸುಳ್ಳು ಯೋಳ್ತೀರಾ ಸ್ವಾಮಿ?" ದೊಡ್ಡೇರಿಯವನೊಬ್ಬ ಎದ್ದ. "ನನ್ನ ಕಣ್ಣಾರೆ ನೋಡಿವ್ನಿ. ಒಂದು ದಂತ ಮುರಿದಿತ್ತು."

ಹೆಂಗಸರ ಕಡೆಯಿಂದ ಇನ್ನೊಂದು ದನಿ. "ಹಣೇಲಿ ಕುಂಕುಮ ಇತ್ತು ಕಣಮ್ಮ, ಇಷ್ಟಗಲ!"

"ಆನೇನ ಶಿರಾದೋರಿಗೆ ಮಾರ್ಬುಟ್ಟವ್ರೆ!"

ಜನ ಎದ್ದೇಬಿಟ್ಟರು. ಎದ್ದರೆ ನನ್ನ ಗತಿ ಏನು ಅಂತ ನಿಮಗೆ ಗೊತ್ತಲ್ಲ. ಹೊರಗೆ ಕೂತಿದ್ದ ನನಗೆ ಕಣ್ಣ ಮುಂದೆ ಅತ್ತೆಯೇ ಬಂದಳು. ಅಷ್ಟರಲ್ಲಿ ನಾಲ್ಕು ಜನ ಬಂದು ನನ್ನನ್ನು ಅನಾಮತ್ತಾಗಿ ಒಳಗೆ ಹೊತ್ತೊಯ್ದರು.

"ನೀನು ಯೋಳಣ್ಣಾ. ಆನೆ ಇತ್ತೋ ಇಲ್ವೋ?"

ಇತ್ತು ಅಂದರೆ ಯಜಮಾನರು ಕಳ್ಳರು. ಇಲ್ಲ ಅಂದರೆ ನಾನು ಸುಳ್ಳ. ಎರಡರಲ್ಲೂ ಅನ್ನ ಹೋಗುತ್ತದೆ.

"ಇತ್ತು. ಈಗ್ಲೂ ಐತೆ," ಅಂದೆ. "ಯಜಮಾನ್ರು ನನ್ನ ಹೊರಗೆ ಕೂರಿಸಿದ್ರಲ್ಲ, ಅದೂ ನನ್ನ ಜೊತೇಲೇ ಹೊರಗೆ ಕೂತೈತೆ."

ಯಜಮಾನರು ನನ್ನ ಮುಖ ನೋಡಿದರು, ಎದ್ದು ನಿಂತ ಜನರ ಮುಖ ನೋಡಿದರು, ಆಪರೇಟರಿನ ಕಡೆ ತಿರುಗಿದರು. ಅವನು ಮೆಲ್ಲಗೆ ಅಂದ: "ಅದು ರೀಲಿನಾಗೆ ಇಲ್ಲ ಸ್ವಾಮಿ. ರೀಲು ಕಿತ್ತಾಗ ಬರ್ತದೆ."

"ಹಂಗಾದ್ರೆ ಕೀಳಲೇ ಮತ್ತೆ!" ಅಂತ ಅಬ್ಬರಿಸಿದರು ಯಜಮಾನರು. "ಹಿಂದಕ್ಕೆ ಸುತ್ತಿ, ಕಿತ್ತಾಕು!"

ಕಿತ್ತ. ಕತ್ತಲಾಯಿತು. ನಾನು ಗಂಟೆ ಆಡಿಸಿದೆ, ಡಬ್ಬ ಗುದ್ದಿದೆ. ಜನ ಕಾಲು ಎಳೆದುಕೊಂಡು ಕೂತರು. ಬೆಳಕು ಬಂದಾಗ ನೋಡಿದರೆ ಯಜಮಾನರು ಪಂಚೆ ಎತ್ತಿ ಹಿಡಿದು ಬೆಂಚಿನ ಮೇಲೆ ನಿಂತಿದ್ದರು!

ಕೊನೆಯವರೆಗೂ ಒಬ್ಬರೂ ಏಳಲಿಲ್ಲ. ಹೋಗುವಾಗ ದೊಡ್ಡೇರಿಯವನು ಜೊತೆಯವನಿಗೆ ಹೇಳುತ್ತಿದ್ದ: "ಹಳೇದು ಹಳೇದೇ ಕಣ್ಲಾ. ಈಗಿನ ಟಾಕೀಲಿ ಇಂಥಾ ಆನೆ ಎಲ್ಲೈತೆ?"

ಯಜಮಾನರು ಬೆಂಚಿನಿಂದ ಇಳಿದು ಅಂದರು, "ಪಿಚ್ಚರು ಹಳಸೈತೆ ಕಣಯ್ಯಾ. ಆನೆ ಹಳಸಿಲ್ಲ. ಇರು."

ಇದ್ದೇನೆ. ಟಾಕಿಯ ದನಿ ಕೈ ಕೊಟ್ಟಾಗೆಲ್ಲ ಈಗಲೂ ನನ್ನನ್ನೇ ಕೂಗುತ್ತಾರೆ.

ಆದ್ದರಿಂದ ಆ ಪಿಚ್ಚರು ನಿಜವಾಗಿ ಚೆನ್ನಾಗಿತ್ತೇ ಅಂತ ನನ್ನನ್ನು ಮಾತ್ರ ಕೇಳಬೇಡಿ. ನಾನು ಪರದೆಗೆ ಬೆನ್ನು ಹಾಕಿ ನಿಂತವನು. ನಾನು ನೋಡಿದ್ದು ಎದುರಿಗಿದ್ದ ಮುಖಗಳನ್ನು. ಅವು ಇವತ್ತಿಗೂ ಚೆನ್ನಾಗಿವೆ. ನಾನು ಆಡಿದ್ದನ್ನೆಲ್ಲ ಕಣ್ಣಾರೆ ಕಂಡೆವು ಅಂದ ಪುಣ್ಯವಂತರು, ಅವರಿಂದ ನನ್ನ ಒಲೆ ಉರಿಯಿತು.

ಎದ್ದಿರಾ? ಹಾಗಾದರೆ ಟೀ ಕಾಸು ನೀವೇ ಕೊಟ್ಟುಬಿಡಿ. ಎರಡು ಟೀ. ಒಂದು ನನ್ನದು, ಇನ್ನೊಂದು ಆನೆಯದು.